ಎರಡು ಪಾರ್ಟಿ, ಒಂದು ಕೋಲಾಟ

ನಮ್ಮ ಕಡೂರು, ತರೀಕೆರೆ, ಅಜ್ಜಂಪುರದ ಕಡೆ ‘ಪಾರ್ಟಿ’ ಎಂಬ ಮಾತಿಗೆ ಬೇರೆಯದೇ ಅರ್ಥವಿದೆ. ‘ಆ ಊರಲ್ಲಿ ಪಾರ್ಟಿ ಜಾಸ್ತಿ’ ಎಂದರೆ ಅಲ್ಲಿ ಯಾರೋ ಕೇಕು ಕತ್ತರಿಸಿ ಕುಣಿಯುತ್ತಿದ್ದಾರೆ ಎಂದಲ್ಲ, ಊರು ಎರಡಾಗಿದೆ ಎಂದು. ಟೀ ಅಂಗಡಿ ಎರಡು, ಗಣಪತಿ ಎರಡು, ಸಾವಿನ ಮನೆಯ ಮುಂದೆ ಕೂರುವ ಜಗಲಿಯೂ ಎರಡು. ಆದ್ದರಿಂದ, ನಮ್ಮ ಶಾಲೆಗೆ ಹೊಸದಾಗಿ ಬಂದ ಚಿಕ್ಕ ವಯಸ್ಸಿನ ಮೇಡಂ ಒಬ್ಬರು ಒಂದು ಮಧ್ಯಾಹ್ನ, ‘ಜನ ಎಲ್ಲಾ ಒಟ್ಟಿಗೆ ಡ್ಯಾನ್ಸ್ ಪಾರ್ಟಿ ಮಾಡಿದ್ರೆ ಜಗಳಾನೇ ಇರೋಲ್ಲ ಮೇಡಂ’ ಎಂದಾಗ ನನಗೆ ಮೊದಲು ನಗು ಬಂತು. ಆಮೇಲೆ ಯೋಚನೆಗಿಟ್ಟುಕೊಂಡಿತು. ಪಾರ್ಟಿಯಿಂದ ಪಾರ್ಟಿ ಹೋಗುತ್ತದೆಯೇ? ಕುಣಿತ ವೈರಿಗಳನ್ನು ಹತ್ತಿರ ತರುತ್ತದೆಯೇ? ತಂದರೆ ಎಷ್ಟು ಹೊತ್ತಿಗೆ?

ಆಕೆಯ ಮಾತನ್ನು ಪೂರಾ ತಳ್ಳಿಹಾಕುವಂತಿಲ್ಲ. ಇಂಗ್ಲೆಂಡಿನಲ್ಲಿ 1988–89ರ ಸುಮಾರಿಗೆ ಹುಡುಗರು ಹುಡುಗಿಯರು ಸಾವಿರ ಸಾವಿರ ಸಂಖ್ಯೆಯಲ್ಲಿ ಹಳೆಯ ಗೋದಾಮು, ಬಯಲುಗಳಲ್ಲಿ ಸೇರಿ ರಾತ್ರಿಯಿಡೀ ಕುಣಿಯತೊಡಗಿದರು. ಅದಕ್ಕೆ ರೇವ್ ಎಂದು ಹೆಸರಾಯಿತು. ಶನಿವಾರ ಸಂಜೆ ಫುಟ್‌ಬಾಲ್ ಮೈದಾನದ ಹೊರಗೆ ಬಡಿದಾಡುತ್ತಿದ್ದ ಎರಡು ತಂಡಗಳ ಅಭಿಮಾನಿಗಳು ಅದೇ ರಾತ್ರಿ ಒಂದೇ ಕಡೆ ಹೆಗಲ ಮೇಲೆ ಕೈ ಹಾಕಿಕೊಂಡು ಕುಣಿದರು ಎಂದು ಆ ಕಾಲದ ಬಗ್ಗೆ ಬರೆದವರು ಹೇಳುತ್ತಾರೆ. ಮೈದಾನಗಳಲ್ಲಿ ಹೊಡೆದಾಟ ಇಳಿದದ್ದಕ್ಕೆ ಇದೇ ಕಾರಣ ಎನ್ನುವವರೂ ಇದ್ದಾರೆ. ಆದರೆ ಅದೇ ವರ್ಷಗಳಲ್ಲಿ ಪೊಲೀಸರ ಬಿಗಿಯೂ ಹೆಚ್ಚಿತ್ತು, ಆ ಹುಡುಗರು ನುಂಗುತ್ತಿದ್ದ ಮಾತ್ರೆಗಳ ಮಹಿಮೆಯೂ ಅದರಲ್ಲಿ ಸೇರಿತ್ತು. ಕೊನೆಗೆ 1994ರಲ್ಲಿ ಅಲ್ಲಿನ ಸರ್ಕಾರ ಕಾನೂನು ತಂದು, ಒಂದೇ ಬಡಿತ ಮತ್ತೆ ಮತ್ತೆ ಬರುವ ಸಂಗೀತ ಎಂದು ಅದರಲ್ಲಿ ಬರೆದು, ಅಂಥ ಬಯಲು ಕೂಟಗಳನ್ನು ಚದುರಿಸುವ ಅಧಿಕಾರವನ್ನು ಪೊಲೀಸರಿಗೆ ಕೊಟ್ಟಿತು. ಒಂದು ಸರ್ಕಾರ ಡೋಲಿನ ಪೆಟ್ಟಿಗೆ ಹೆದರಿತೆಂದರೆ ಆ ಪೆಟ್ಟಿನಲ್ಲಿ ಏನೋ ಇದ್ದಿರಬೇಕು.

ಏನಿದೆ ಎಂಬುದನ್ನು ಅಮೆರಿಕದ ಇತಿಹಾಸಕಾರ ವಿಲಿಯಂ ಮೆಕ್‌ನೀಲ್ 1995ರಲ್ಲಿ ಒಂದು ಪುಸ್ತಕವನ್ನೇ ಬರೆದು ವಿವರಿಸಿದರು. 1941ರಲ್ಲಿ ಸೈನ್ಯಕ್ಕೆ ಸೇರಿದಾಗ ಅವರನ್ನು ದಿನವೂ ಗಂಟೆಗಟ್ಟಲೆ ಕವಾಯತು ಮಾಡಿಸುತ್ತಿದ್ದರಂತೆ. ಅರ್ಥವಿಲ್ಲದ ಕೆಲಸ ಎಂದುಕೊಂಡರೂ, ಎಲ್ಲರೊಂದಿಗೆ ಹೆಜ್ಜೆ ಹಾಕುತ್ತಾ ಹೋದಂತೆ ತಾನು ದೊಡ್ಡದಾಗುತ್ತಿದ್ದೇನೆ ಎಂಬಂಥ ಒಂದು ಸುಖ ಮೈಗೆ ಬರುತ್ತಿತ್ತಂತೆ. ಕುಣಿತವಾಗಲಿ ಕವಾಯತಾಗಲಿ, ಜೊತೆಯಲ್ಲಿ ಹೆಜ್ಜೆ ಹಾಕಿದವರ ಮೈಗಳು ಒಂದನ್ನೊಂದು ನಂಬತೊಡಗುತ್ತವೆ ಎಂಬುದು ಅವರ ವಾದ. ಪ್ರತಿ ದಿನ ಬೆಳಿಗ್ಗೆ ಮಕ್ಕಳನ್ನು ಸಾಲಿನಲ್ಲಿ ನಿಲ್ಲಿಸಿ ಡ್ರಿಲ್ ಮಾಡಿಸುವ ನನಗೆ ಇದು ಹೊಸದಲ್ಲ. ಆದರೆ ಅವರೇ ಇನ್ನೊಂದು ಮಾತನ್ನೂ ಹೇಳುತ್ತಾರೆ. ಈ ಒಗ್ಗಟ್ಟು ಸೈನ್ಯವನ್ನೂ ಕಟ್ಟುತ್ತದೆ. ಒಟ್ಟಿಗೆ ಹೆಜ್ಜೆ ಹಾಕಿದವರು ಹೊರಗೆ ನಿಂತವರ ಮೇಲೆ ಒಟ್ಟಿಗೆ ಬೀಳಲೂಬಹುದು. ಹಾಗಾದರೆ ಕೇಳಬೇಕಾದದ್ದು ಕುಣಿದರೇ ಇಲ್ಲವೇ ಎಂದಲ್ಲ, ಕುಣಿತದ ಒಳಗೆ ಯಾರಿದ್ದರು, ಹೊರಗೆ ಯಾರನ್ನು ನಿಲ್ಲಿಸಿದ್ದರು ಎಂದು.

ಈ ಅಳತೆಯಿಂದ ನಮ್ಮ ಸೀಮೆಯ ಕುಣಿತಗಳನ್ನು ನೋಡಿದರೆ ಸ್ವಲ್ಪ ಸಂಕಟವಾಗುತ್ತದೆ. ಕುಣಿತಕ್ಕೆ ನಮ್ಮಲ್ಲಿ ಬರವಿಲ್ಲ. ಡೊಳ್ಳು ಬೀರಪ್ಪನ ಗುಡಿಯದು, ಹಾಲುಮತದವರದು. ವೀರಗಾಸೆ ವೀರಭದ್ರನದು, ಹೆಚ್ಚಾಗಿ ಜಂಗಮರು, ಲಿಂಗಾಯತರು ಕಟ್ಟಿಕೊಂಡು ಬಂದದ್ದು. ಬೀರೂರಿನ ಮೈಲಾರಲಿಂಗನ ಸನ್ನಿಧಿಯಲ್ಲಿ ಡಮರುಗ ಹಿಡಿದು ಗೊರವರು ಕುಣಿಯುತ್ತಾರೆ. ಹೋಳಿಯ ಕುಣಿತ ತಾಂಡಾದ್ದು. ತಮಟೆ ದಲಿತರ ಕೇರಿಯದು. ಒಂದೊಂದು ವಾದ್ಯಕ್ಕೂ ಒಂದೊಂದು ಕೇರಿಯಿದೆ. ತಮಟೆಯಿಲ್ಲದೆ ನಮ್ಮ ಅನೇಕ ಊರುಗಳಲ್ಲಿ ದೇವರು ಹೊರಡುವುದಿಲ್ಲ. ಆದರೆ ಮೆರವಣಿಗೆಯ ಮುಂದೆ ಇದ್ದ ತಮಟೆಯವನು ಗುಡಿ ಬಂದೊಡನೆ ಹೊರಗೆ ಉಳಿದದ್ದನ್ನು ನನ್ನ ವಯಸ್ಸಿನವರೆಲ್ಲ ಕಂಡಿದ್ದಾರೆ. ಒಂದೇ ತಾಳಕ್ಕೆ ಊರೆಲ್ಲ ಕುಣಿದದ್ದು ನಿಜ, ತಾಳ ನಿಂತ ಮೇಲೆ ಒಬ್ಬೊಬ್ಬರೂ ತಮ್ಮ ತಮ್ಮ ಅಂತರಕ್ಕೆ ಸರಿದದ್ದೂ ನಿಜ.

ಕುಣಿತ ನಮಗೆ ಇದನ್ನು ಹೇಳಿಯೇ ಇಲ್ಲ ಎನ್ನುವಂತಿಲ್ಲ. ವೀರಗಾಸೆಯ ಕಥೆಯನ್ನೇ ತೆಗೆದುಕೊಳ್ಳಿ. ದಕ್ಷ ಯಜ್ಞ ಮಾಡಿದ, ಎಲ್ಲ ದೇವತೆಗಳನ್ನು ಕರೆದ, ಅಳಿಯನನ್ನು ಕರೆಯಲಿಲ್ಲ. ಮಗಳು ಕರೆಯದೆಯೇ ಹೋಗಿ ಅವಮಾನದಿಂದ ಬೆಂದುಹೋದಳು. ಶಿವನ ಜಡೆಯಿಂದ ವೀರಭದ್ರ ಹುಟ್ಟಿ ದಕ್ಷನ ತಲೆ ಹಾರಿಸಿದ. ಕರಡೆ ಸಂಬಾಳದ ಅಬ್ಬರದಲ್ಲಿ, ಒಡಪು ಹೇಳುತ್ತಾ, ಕತ್ತಿ ಝಳಪಿಸುತ್ತಾ ಕುಣಿಯುವಾಗ ನಮಗೆ ಕಾಣುವುದು ಆ ರೌದ್ರ ಮಾತ್ರ. ಜಗಳ ಹುಟ್ಟಿದ್ದು ಒಬ್ಬನನ್ನು ಊಟಕ್ಕೆ ಕರೆಯದೆ ಬಿಟ್ಟದ್ದರಿಂದ ಎಂಬುದನ್ನು ಮರೆಯುತ್ತೇವೆ. ಕೊನೆಗೆ ದಕ್ಷನಿಗೆ ಟಗರಿನ ತಲೆ ಕೊಟ್ಟು ಬದುಕಿಸಿ, ನಿಂತ ಯಜ್ಞವನ್ನು ಪೂರ್ತಿ ಮಾಡಿಸಿದರು ಎಂಬ ಭಾಗವನ್ನಂತೂ ನೆನೆಯುವವರೇ ಕಡಿಮೆ. ಈಚೆಗೆ ಹೆಣ್ಣುಮಕ್ಕಳ ವೀರಗಾಸೆ ತಂಡಗಳೂ ಆಗಿವೆ. ಗಂಡಸರದ್ದೇ ಆಗಿದ್ದ ಕುಣಿತದ ಬಾಗಿಲು ಅಷ್ಟಾದರೂ ತೆರೆಯಿತಲ್ಲ ಎಂದು ನನಗೆ ಸಂತೋಷ.

ಈಗ ಡಿ.ಜೆ. ಬಂದಿದೆ. ಇದಕ್ಕೆ ಜಾತಿಯಿಲ್ಲ, ದುಡ್ಡು ಕೊಟ್ಟವರಿಗೆ ಬರುತ್ತದೆ ಎನ್ನುತ್ತಾರೆ. ಮೇಲುನೋಟಕ್ಕೆ ಸರಿ. ನಾನು ಆಗ ಕೆಲಸ ಮಾಡುತ್ತಿದ್ದ ಊರಿನಲ್ಲಿ 2015ರ ಗ್ರಾಮ ಪಂಚಾಯಿತಿ ಚುನಾವಣೆಯ ನಂತರ ಗಣಪತಿ ಎರಡಾಯಿತು. ಪಕ್ಷದ ಚಿಹ್ನೆಯೇ ಇಲ್ಲದ ಚುನಾವಣೆ ಅದು. ಆದರೂ ಅಣ್ಣತಮ್ಮಂದಿರು ಮಾತು ಬಿಟ್ಟರು. ಎರಡೂ ಗಣಪತಿಗೆ ಎರಡು ಡಿ.ಜೆ. ಬಂತು. ಒಂದು ಬೀದಿಯಲ್ಲಿ ನಾಲ್ಕು ಪೆಟ್ಟಿಗೆಯಾದರೆ ಇನ್ನೊಂದರಲ್ಲಿ ಆರು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಹಾಕಬಾರದೆಂದು 2000ದ ಶಬ್ದಮಾಲಿನ್ಯ ನಿಯಮವೇ ಇದೆ. ಆ ರಾತ್ರಿ ಅದನ್ನು ನೆನೆದವರು ಬಾಣಂತಿಯರು ಮತ್ತು ಮುದುಕರು ಮಾತ್ರ. ನಾನು ಜಗಲಿಯಲ್ಲಿ ನಿಂತು ನೋಡಿದೆ. ಹುಡುಗರೆಲ್ಲರ ಮುಖ ಪೆಟ್ಟಿಗೆಯ ಕಡೆಗಿತ್ತು. ಒಬ್ಬರ ಮುಖವನ್ನೊಬ್ಬರು ನೋಡುತ್ತಿರಲಿಲ್ಲ. ಪಕ್ಕದವನು ಬಿದ್ದರೂ ಕುಣಿತ ಕೆಡುವುದಿಲ್ಲ, ಪಕ್ಕದವನು ಇಲ್ಲದಿದ್ದರೂ ಕೆಡುವುದಿಲ್ಲ. ಡಿ.ಜೆ.ಯ ಮೇಲಿನ ನನ್ನ ದೂರು ಸದ್ದಿನದಲ್ಲ, ಇದು. ಇಷ್ಟು ಜನರನ್ನು ಒಂದೆಡೆ ತಂದೂ ಅದು ಒಬ್ಬರಿಗೆ ಇನ್ನೊಬ್ಬರು ಬೇಕು ಎನ್ನಿಸುವುದಿಲ್ಲ.

ಬೇಕು ಎನ್ನಿಸುವ ಕುಣಿತ ಒಂದಿದೆ, ಕೋಲಾಟ. ಕೋಲಾಟದಲ್ಲಿ ಎದುರಿಗೆ ನಿಂತವರ ಕೋಲಿಗೆ ಹೊಡೆಯಬೇಕು. ಹೊಡೆತವೇ ಆಟ. ಆದರೆ ಎದುರಿನವರು ಕೋಲು ಒಡ್ಡದಿದ್ದರೆ ನಮ್ಮ ಪೆಟ್ಟು ಗಾಳಿಗೆ ಹೋಗುತ್ತದೆ. ಒಂದು ಸುತ್ತಾದ ಮೇಲೆ ಎದುರಾಳಿ ಬದಲಾಗುತ್ತಾರೆ. ಯಾರೂ ಯಾರಿಗೂ ಕಾಯಂ ವೈರಿಯಲ್ಲ. ಜಡೆ ಕೋಲಾಟದಲ್ಲಂತೂ ಮೇಲಿನಿಂದ ಇಳಿಬಿಟ್ಟ ಹಗ್ಗದ ತುದಿಯನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದರಲ್ಲಿ ಕೋಲು ಹಿಡಿದು, ಅರ್ಧ ಜನ ಬಲಕ್ಕೂ ಅರ್ಧ ಜನ ಎಡಕ್ಕೂ ಸುತ್ತುತ್ತಾರೆ. ಮೇಲೆ ಜಡೆ ಹೆಣೆಯುತ್ತದೆ. ಆಮೇಲೆ ಅದೇ ಹೆಜ್ಜೆಯನ್ನು ತಿರುಗಿಸಿ ಹಾಕಿ ಬಿಚ್ಚಬೇಕು. ಒಬ್ಬರು ತಪ್ಪಿದರೆ ಎಲ್ಲರ ಹಗ್ಗವೂ ಗಂಟು.

ಎರಡು ಗಣಪತಿಯಾದ ಆ ವರ್ಷವೇ ನಮ್ಮ ಶಾಲೆಯ ವಾರ್ಷಿಕೋತ್ಸವಕ್ಕೆ ಜಡೆ ಕೋಲಾಟ ಕಲಿಸುವುದೆಂದಾಯಿತು. ಊರಿನ ಹಿರಿಯರೊಬ್ಬರು ಕಲಿಸಲು ಒಪ್ಪಿದರು. ಹನ್ನೆರಡು ಹುಡುಗಿಯರು, ಎರಡೂ ಪಾರ್ಟಿಯವರ ಮಕ್ಕಳು, ಕೇರಿಯ ಒಬ್ಬಳು. ಹತ್ತು ದಿನ ಚೆನ್ನಾಗಿ ನಡೆಯಿತು. ಹನ್ನೊಂದನೆಯ ದಿನ ಇಬ್ಬರು ತಾಯಂದಿರು ಬಂದರು. ವಿಚಿತ್ರವೆಂದರೆ ಇಬ್ಬರೂ ಬೇರೆ ಬೇರೆ ಪಾರ್ಟಿಯವರು. ಆ ವಿಷಯಕ್ಕೆ ಮಾತ್ರ ಒಟ್ಟಿಗೆ ಬಂದಿದ್ದರು. ‘ನಮ್ದೇನಿಲ್ಲ ಮೇಡಮ್ಮಾ, ಮನೇಲಿ ಹಿರೇರು ಒಪ್ಪಲ್ಲ. ಆ ಹುಡುಗೀನ ಹಾಡೋಕೆ ಕೂರಿಸ್ಬಿಡಿ, ಚೆನ್ನಾಗಿ ಹಾಡ್ತಾಳಂತಲ್ಲ’ ಎಂದರು. ಎರಡು ಪಾರ್ಟಿ ಒಂದಾಗುವುದೆಂದರೆ ಹೀಗೂ ಇರುತ್ತದೆ ಎಂದು ಅಂದು ಗೊತ್ತಾಯಿತು.

ಇಲ್ಲಿ ನನ್ನ ತಪ್ಪನ್ನು ಬರೆಯದಿದ್ದರೆ ಈ ಲೇಖನಕ್ಕೆ ಅರ್ಥವಿಲ್ಲ. ನಾನು ಒಪ್ಪಿಕೊಂಡೆ. ಯಾಕೆ ರಾದ್ಧಾಂತ, ಕಾರ್ಯಕ್ರಮ ಸುಸೂತ್ರವಾಗಿ ಆಗಲಿ ಎಂದುಕೊಂಡೆ. ಆ ಹುಡುಗಿಯನ್ನು ಕರೆದು, ‘ನಿನ್ನ ಕಂಠ ಚೆನ್ನಾಗಿದೆ ಪುಟ್ಟಾ’ ಎಂದೂ ಹೇಳಿದೆ. ಅವಳು ತಲೆಯಾಡಿಸಿ ಕೋಲನ್ನು ಮೇಜಿನ ಮೇಲಿಟ್ಟಳು. ಅಂದು ಸಂಜೆ ತಾಲೀಮಿಗೆ ಬಂದ ಹಿರಿಯರು ಎಣಿಸಿದರು. ‘ಹನ್ನೊಂದು ಜನಕ್ಕೆ ಜಡೆ ಆಗಲ್ಲ ಕಣಮ್ಮ’ ಎಂದರು. ಬೇರೆ ಹುಡುಗಿಯನ್ನು ಹಾಕೋಣವೆಂದೆ. ‘ಹೆಜ್ಜೆ ಕಲಿತ ಹುಡುಗೀನ ಕೂರ್ಸಿ ಕಲೀದೋಳ್ನ ನಿಲ್ಸಿದ್ರೆ ಗಂಟು ಬೀಳ್ತದೆ. ಅವಳಿದ್ರೆ ಆಡ್ಸ್ತೀನಿ. ಇಲ್ದಿದ್ರೆ ನಿಮ್ಮ ಹಗ್ಗ ನೀವೇ ಬಿಚ್ಕಳಿ’ ಎಂದು ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡರು. ಅವರೇನು ಸಮಾಜ ಸುಧಾರಕರಲ್ಲ. ಆಟ ಕೆಡಬಾರದು ಎಂಬುದಷ್ಟೇ ಅವರ ಹಟ. ಬಿ.ಎಡ್. ಓದಿದ ನನಗೆ ಬಾರದ ಧೈರ್ಯ ಅವರಿಗೆ ಆಟದ ಮೇಲಿನ ನಿಷ್ಠೆಯಿಂದ ಬಂದಿತ್ತು.

ಹುಡುಗಿ ಮರಳಿ ಬಂದಳು. ಆ ಇಬ್ಬರು ತಾಯಂದಿರಲ್ಲಿ ಒಬ್ಬರು ಮಗಳನ್ನು ಬಿಡಿಸಿಕೊಂಡು ಹೋದರು, ಒಬ್ಬರು ಬಿಟ್ಟರು. ಇನ್ನೂ ಒಬ್ಬಳನ್ನು ಕೈಬಿಟ್ಟು ಹತ್ತು ಜನರಿಗೆ ಆಡಿಸಿದೆವು. ವೇದಿಕೆಯ ಮೇಲೆ ಜಡೆ ಹೆಣೆದು ಬಿಚ್ಚಿದಾಗ ಎರಡೂ ಪಾರ್ಟಿಯವರು ಚಪ್ಪಾಳೆ ತಟ್ಟಿದರು. ನನಗೂ ಕಣ್ಣು ತುಂಬಿತು. ಆಮೇಲೆ ಊಟ. ಕೇರಿಯವರು ಒಂದು ಕಡೆ ಕೂತರು, ಉಳಿದವರು ಇನ್ನೊಂದು ಕಡೆ. ಯಾರೂ ಹೇಳಿ ಕೂರಿಸಿದ್ದಲ್ಲ, ಅವರೇ ಕೂತರು. ಮುಂದಿನ ವರ್ಷವೂ ಆ ಊರಿನಲ್ಲಿ ಗಣಪತಿ ಎರಡೇ.

ಹಾಗಾದರೆ ಕೋಲಾಟ ಸೋತಿತೇ? ಈ ಪ್ರಶ್ನೆಯನ್ನು ಎಷ್ಟೋ ವರ್ಷ ಮನಸ್ಸಿನಲ್ಲಿಟ್ಟುಕೊಂಡಿದ್ದೆ. ಅಜ್ಜಂಪುರದಿಂದ ದೂರವೇನಲ್ಲ, ಗಡಿ ದಾಟಿದರೆ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿ. ಅಲ್ಲಿನ ಮಠ 1997ರಿಂದ ‘ಶಿವಸಂಚಾರ’ ಎಂಬ ನಾಟಕ ತಂಡವನ್ನು ಊರೂರಿಗೆ ಕಳಿಸುತ್ತಾ ಬಂದಿದೆ. 2019ರ ಆಗಸ್ಟಿನಲ್ಲಿ ಅಲ್ಲಿನ ಪಂಡಿತಾರಾಧ್ಯ ಸ್ವಾಮಿಗಳು ‘ಮತ್ತೆ ಕಲ್ಯಾಣ’ ಎಂದು ನಾಡೆಲ್ಲ ಸುತ್ತಿದರು. ಕನ್ನಡದವರಿಗೆ ಆದರ್ಶ ಸಮಾಜ ಎಂದರೆ ಇಂದಿಗೂ ಮೊದಲು ನೆನಪಾಗುವುದು ಹನ್ನೆರಡನೆಯ ಶತಮಾನದ ಆ ಕಲ್ಯಾಣವೇ. ಅಲ್ಲಿ ಜನ ಒಂದಾದದ್ದು ಹೇಗೆ? ಎಲ್ಲರ ಕಾಯಕಕ್ಕೂ ಒಂದೇ ಬೆಲೆ ಎಂದದ್ದರಿಂದ, ಒಟ್ಟಿಗೆ ಕೂತು ಮಾತನಾಡಿದ್ದರಿಂದ, ಒಟ್ಟಿಗೆ ಉಂಡದ್ದರಿಂದ. ಅದು ಒಡೆದದ್ದೂ ಅಲ್ಲೇ. ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಮದುವೆಯಾಯಿತು ಎಂದಾಗ, ಅಲ್ಲಿಯವರೆಗೆ ತಡೆದುಕೊಂಡಿದ್ದವರಿಗೆ ತಡೆಯಲಾಗಲಿಲ್ಲ ಎಂದು ನಾವು ಕೇಳಿಕೊಂಡು ಬಂದಿದ್ದೇವೆ. ಕುಣಿತಕ್ಕೆ ಯಾವ ರಾಜನೂ ಎಳೆಹೂಟೆ ಶಿಕ್ಷೆ ಕೊಡುವುದಿಲ್ಲ. ಊಟಕ್ಕೆ, ಮದುವೆಗೆ ಕೊಡುತ್ತಾನೆ. ಯಾವುದಕ್ಕೆ ಬೆಲೆ ಹೆಚ್ಚು ಎಂಬುದು ಇದರಿಂದಲೇ ತಿಳಿಯುತ್ತದೆ.

ಆದ್ದರಿಂದ ಚಿಕ್ಕ ಮೇಡಂಗೆ ನನ್ನ ಉತ್ತರ ಇಷ್ಟು. ಕುಣಿತ ಕಲ್ಯಾಣವನ್ನು ಕಟ್ಟುವುದಿಲ್ಲ, ಆದರೆ ತಾಲೀಮು ಮಾಡಿಸುತ್ತದೆ. ತಾಲೀಮನ್ನೇ ನಾಟಕ ಎಂದುಕೊಂಡು ಚಪ್ಪಾಳೆ ತಟ್ಟಿ ಮನೆಗೆ ಹೋಗುವುದು ನಮ್ಮ ದೋಷ. ತಾಲೀಮೇ ಬೇಡ ಎನ್ನುವುದೂ ದೋಷವೇ. ಯಾವುದೇ ಕುಣಿತವನ್ನು ನೋಡಿದಾಗ ನಾನೀಗ ಮೂರು ವಿಷಯ ಗಮನಿಸುತ್ತೇನೆ. ವಾದ್ಯ ಬಾರಿಸುವವರಿಗೆ ಕುಣಿಯುವ ಹಕ್ಕಿದೆಯೇ? ಒಬ್ಬರು ತಪ್ಪಿದರೆ ಉಳಿದವರಿಗೆ ಅದು ತಿಳಿಯುತ್ತದೆಯೇ? ಕುಣಿತ ಮುಗಿದ ಮೇಲೆ ಎಲೆ ಒಂದೇ ಸಾಲಿನಲ್ಲಿ ಬೀಳುತ್ತದೆಯೇ? ಮೂರಕ್ಕೂ ಹೌದು ಎನ್ನಿಸಿಕೊಂಡ ಕುಣಿತವನ್ನು ನಾನಿನ್ನೂ ಕಂಡಿಲ್ಲ. ಎರಡಕ್ಕೆ ಹೌದೆಂದದ್ದನ್ನು ಒಮ್ಮೆ ಕಂಡಿದ್ದೇನೆ.

ಅಂದು ಕೋಲಾಡಿದ ಹುಡುಗಿ ಕಳೆದ ವರ್ಷ ಕಡೂರಿನ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದಳು. ಮಾತಿನ ನಡುವೆ, ಅಂದು ಮಗಳನ್ನು ಕೋಲಾಟದಿಂದ ಬಿಡಿಸಿಕೊಂಡು ಹೋದರಲ್ಲ, ಆ ಮನೆಯ ಹುಡುಗಿಯೂ ತಾನೂ ಈಗ ಒಂದೇ ಕಡೆ ಕೆಲಸಕ್ಕಿದ್ದೇವೆ, ಒಂದೇ ರೂಮಿನಲ್ಲಿದ್ದೇವೆ ಎಂದಳು. ‘ಊಟ?’ ಎಂದು ಬಾಯಿತಪ್ಪಿ ಕೇಳಿಬಿಟ್ಟೆ. ಅವಳು ನಕ್ಕಳು. ‘ಅಡುಗೆ ಅವಳು ಮಾಡ್ತಾಳೆ, ಪಾತ್ರೆ ನಾನು ತೊಳೀತೀನಿ ಮಿಸ್. ಭಾನುವಾರ ಉಲ್ಟಾ’ ಎಂದಳು. ‘ಊರಿಗೆ ಹೋದಾಗ?’ ಎಂದೆ. ‘ಊರಲ್ಲಿ ಬೇರೆ ಬೇರೆ ಬಸ್ಸಲ್ಲಿ ಇಳೀತೀವಿ’ ಎಂದು, ತರೀಕೆರೆ ಬಸ್ಸು ಬಂತೆಂದು ಓಡಿದಳು.