ಎರಡು ಅಂತಸ್ತಿನ ಗಜಗಾತ್ರ

ಬಾದಾಮಿ ಕಡೆಯಿಂದ ದುಬೈಗೆ ಹೊರಟವರು ಸಾಮಾನ್ಯವಾಗಿ ರಾತ್ರಿಯ ಬಸ್ಸೋ ರೈಲೋ ಹಿಡಿದು ಮೊದಲು ಬೆಂಗಳೂರು ಸೇರುತ್ತಾರೆ. ಏರ್‌ಬಸ್‌ನ ಎರಡು ಅಂತಸ್ತಿನ ಎ380 ವಿಮಾನದ ಹಿಂದಿನ ಲೆಕ್ಕಾಚಾರವೂ ಇದೇ: ಊರೂರಿನ ಜನರನ್ನು ಒಂದು ದೊಡ್ಡ ನಿಲ್ದಾಣದಲ್ಲಿ ಕೂಡಿಸಿ, ಒಟ್ಟಿಗೆ ಹೊತ್ತೊಯ್ಯುವುದು. 2022ರ ಅಕ್ಟೋಬರ್‌ನಲ್ಲಿ ದುಬೈನ ಎಮಿರೇಟ್ಸ್ ಕಂಪನಿ ಈ ವಿಮಾನವನ್ನು ಬೆಂಗಳೂರಿಗೆ ತಂದಾಗ ನನಗಂತೂ ಹಬ್ಬ.

ಸುಮಾರು 80 ಮೀಟರ್ ಅಗಲದ ರೆಕ್ಕೆ, 22 ಚಕ್ರ, ನಾಲ್ಕು ಎಂಜಿನ್. ಇಳಿದ ಮೇಲೆ ವೇಗ ತಗ್ಗಿಸಲು ಗಾಳಿಯನ್ನು ಮುಂದಕ್ಕೆ ತಿರುಗಿಸುವ ವ್ಯವಸ್ಥೆ ಒಳಗಿನ ಎರಡು ಎಂಜಿನ್‌ಗಳಿಗೆ ಮಾತ್ರ ಇದೆ. ಹೊರಗಿನವು ರನ್‌ವೇಯ ಅಂಚಿನಾಚೆ ಚಾಚಿಕೊಳ್ಳಬಹುದಾದ್ದರಿಂದ ಕಲ್ಲು, ಧೂಳು ಎಬ್ಬಿಸಬಾರದಲ್ಲ! ಇಂಥ ಜಾಣತನಕ್ಕೇ ನಾನು ಮರುಳಾಗುವುದು. ಪ್ರಯಾಣಿಕರು ಮೆಚ್ಚುವುದು ಬೇರೆ ಕಾರಣಕ್ಕೆ: ಒಳಗೆ ಸದ್ದು ಕಡಿಮೆ, ಕುಲುಕಾಟ ಕಡಿಮೆ. ಎಮಿರೇಟ್ಸ್‌ನಲ್ಲಿ ಮೇಲಂತಸ್ತಿನ ಸಿರಿವಂತರಿಗೆ ಸ್ನಾನದ ಕೋಣೆಯೂ ಉಂಟು. ನಮ್ಮಂಥವರಿಗೆ ಕಾಲು ಚಾಚಲು ಜಾಗ ಸಿಕ್ಕರೆ ಸಾಕು.

ಆದರೆ ವ್ಯಾಪಾರ ಕೈಹಿಡಿಯಲಿಲ್ಲ. ಸೀಟು ತುಂಬದಿದ್ದರೆ ನಾಲ್ಕು ಎಂಜಿನ್‌ಗಳ ಇಂಧನದ ಖರ್ಚು ಮೈಮೇಲೆ ಬರುತ್ತದೆ. ಎರಡೇ ಎಂಜಿನ್‌ನ ಬೋಯಿಂಗ್ 787, ಏರ್‌ಬಸ್‌ನದೇ ಎ350 ಕಡಿಮೆ ಜನರನ್ನು ಹೊತ್ತು ದೂರದೂರಿಗೆ ನೇರವಾಗಿ ಹಾರಿದವು. 251 ವಿಮಾನಗಳನ್ನು ಕೊಟ್ಟು 2021ರಲ್ಲಿ ಏರ್‌ಬಸ್ ಎ380 ತಯಾರಿಕೆ ನಿಲ್ಲಿಸಿತು. ಕೋವಿಡ್ ಹೊತ್ತಿಗೆ ಇದರ ಕಥೆ ಮುಗಿಯಿತು ಎಂದವರೇ ಹೆಚ್ಚು. ಆಮೇಲೆ ಪ್ರಯಾಣಿಕರು ಮುಗಿಬಿದ್ದರು, ಹೊಸ ಬೋಯಿಂಗ್ 777ಎಕ್ಸ್ ತಡವಾಯಿತು. ಮೂಲೆಗೆ ನಿಲ್ಲಿಸಿದ್ದ ಹಲವು ಎ380ಗಳನ್ನು ಕಂಪನಿಗಳು ಮತ್ತೆ ಹೊರತೆಗೆದವು. ಹೊಸದನ್ನು ಕಟ್ಟುವ ಧೈರ್ಯ ಮಾತ್ರ ಯಾರಿಗೂ ಇಲ್ಲ.