ರಾಯಭಾರಿಯ ಮುಖ, ಲೈನಿನ ಕೆಲಸ

2025ರ ಮೇ ತಿಂಗಳಲ್ಲಿ ಕರ್ನಾಟಕ ಸಾಬೂನು ಮತ್ತು ಮಾರ್ಜಕ ನಿಯಮಿತವು (ಕೆಎಸ್‌ಡಿಎಲ್) ನಟಿ ತಮನ್ನಾ ಭಾಟಿಯಾ ಅವರನ್ನು ಎರಡು ವರ್ಷದ ಅವಧಿಗೆ, 6.20 ಕೋಟಿ ರೂಪಾಯಿಗೆ ಮೈಸೂರು ಸ್ಯಾಂಡಲ್ ಸೋಪಿನ ರಾಯಭಾರಿಯಾಗಿ ನೇಮಿಸಿಕೊಂಡಿತು. ಆಮೇಲೆ ಎದ್ದ ಗದ್ದಲ ಎಲ್ಲರಿಗೂ ನೆನಪಿದೆ. ಕನ್ನಡದ ನಟಿಯರು ಯಾರೂ ಸಿಗಲಿಲ್ಲವೇ ಎಂದು ಒಂದು ಬಣ ಕೇಳಿತು. ವ್ಯಾಪಾರಕ್ಕೆ ಭಾಷೆಯ ಹಂಗು ಕಟ್ಟಬೇಡಿ ಎಂದು ಇನ್ನೊಂದು ಬಣ ಹೇಳಿತು. ಪತ್ರಿಕೆಗಳಲ್ಲಿ ವಾರಗಟ್ಟಲೆ ನಡೆದ ಈ ಜಗಳದಲ್ಲಿ ಇಬ್ಬರೂ ಒಂದು ಮಾತನ್ನು ಪ್ರಶ್ನೆಯೇ ಇಲ್ಲದೆ ಒಪ್ಪಿಕೊಂಡಿದ್ದರು: ಸೋಪು ಮಾರುವುದು ಮುಖ. ಯಾವ ಮುಖ ಎಂಬುದಷ್ಟೇ ಅವರ ತಕರಾರು.

ಆ ನಂಬಿಕೆಯೇ ತಪ್ಪು. ಅದು ತಪ್ಪು ಎನ್ನುವುದಕ್ಕೆ ಸಾಕ್ಷಿ ಈ ಸಂಸ್ಥೆಯ ಚರಿತ್ರೆಯಲ್ಲೇ ಇದೆ.

1916ರ ಸುಮಾರಿಗೆ ಮೈಸೂರು ಸರ್ಕಾರ ಆರಂಭಿಸಿದ ಕಾರ್ಖಾನೆ, ಎಸ್.ಜಿ. ಶಾಸ್ತ್ರಿಗಳ ರಸಾಯನಜ್ಞಾನ, ಶರಭದ ಮುದ್ರೆ, 2006ರಲ್ಲಿ ಸಿಕ್ಕ ಭೌಗೋಳಿಕ ಸೂಚಿಕೆ, ಇವನ್ನೆಲ್ಲ ಮತ್ತೆ ಹೇಳಬೇಕಾಗಿಲ್ಲ. ಹೇಳಬೇಕಾದ್ದು 1990ರ ದಶಕದ ಕಥೆ. ಅದನ್ನು ಸಂಸ್ಥೆಯ ಹೊಗಳಿಕೆಯಲ್ಲಿ ಯಾರೂ ಎತ್ತುವುದಿಲ್ಲ. ಬಹುರಾಷ್ಟ್ರೀಯ ಕಂಪನಿಗಳ ಪೈಪೋಟಿ ಬಿಗಿಯಾದಾಗ ಕೆಎಸ್‌ಡಿಎಲ್ ನಷ್ಟಕ್ಕೆ ಬಿದ್ದು, ರೋಗಗ್ರಸ್ತ ಉದ್ದಿಮೆಗಳ ಮಂಡಳಿಯಾದ ಬಿಐಎಫ್‌ಆರ್ ಬಾಗಿಲು ತಟ್ಟಿತು. ಆಗ ಕೊಟ್ಟ ಕಾರಣಗಳಲ್ಲಿ ಪೈಪೋಟಿಯ ಜೊತೆಗೆ ಇನ್ನೊಂದೂ ಇತ್ತು: ಮಾರಾಟ ವಿಭಾಗಕ್ಕೂ ಉತ್ಪಾದನಾ ವಿಭಾಗಕ್ಕೂ ಹೊಂದಾಣಿಕೆ ಇರಲಿಲ್ಲ. ಅಂಗಡಿ ಕೇಳುವುದನ್ನು ಕಾರ್ಖಾನೆ ಮಾಡುತ್ತಿಲ್ಲ, ಕಾರ್ಖಾನೆ ಮಾಡಿದ್ದನ್ನು ಅಂಗಡಿ ಕೇಳುತ್ತಿಲ್ಲ ಎಂಬ ಸ್ಥಿತಿ ಅದು. ಆ ಕಾಯಿಲೆಯನ್ನು ಕೆಲಸದ ರೀತಿ ಬದಲಿಸಿ ಗುಣಪಡಿಸಿಕೊಂಡ ಸಂಸ್ಥೆ 2003ರ ಹೊತ್ತಿಗೆ ಹಳೆಯ ನಷ್ಟವನ್ನೆಲ್ಲ ತೊಳೆದುಕೊಂಡಿತು. ಮಹೇಂದ್ರ ಸಿಂಗ್ ಧೋನಿ ರಾಯಭಾರಿಯಾಗಿ ಬಂದದ್ದು 2006ರಲ್ಲಿ. ಅಷ್ಟು ಹೊತ್ತಿಗೆ ಸಂಸ್ಥೆ ತನ್ನ ಕಾಲ ಮೇಲೆ ತಾನು ನಿಂತು ಮೂರು ವರ್ಷವಾಗಿತ್ತು. ಚೇತರಿಕೆ ತಂದದ್ದು ಆಡಳಿತ. ತಾರೆ ಬಂದದ್ದು ಆಮೇಲೆ. ಈ ಕ್ರಮವನ್ನು ಮರೆತವರು ಇವತ್ತಿನ ಲೆಕ್ಕವನ್ನೂ ತಪ್ಪಾಗಿ ಓದುತ್ತಾರೆ.

ಇವತ್ತಿನ ಲೆಕ್ಕ ಸಣ್ಣದಲ್ಲ. 2023-24ರಲ್ಲಿ ವಹಿವಾಟು 1,570 ಕೋಟಿ ರೂಪಾಯಿಯ ಆಸುಪಾಸು, ಲಾಭ 362 ಕೋಟಿ. ಮರುವರ್ಷ ವಹಿವಾಟು 1,780 ಕೋಟಿ ದಾಟಿತು, ಲಾಭ 451 ಕೋಟಿ ಮುಟ್ಟಿತು. ಸರ್ಕಾರಿ ಉದ್ದಿಮೆಯೊಂದು ಹೀಗೆ ಬೆಳೆದಾಗ ಮೆಚ್ಚಬೇಕು. ಇದು ತಮನ್ನಾ ನೇಮಕಕ್ಕೆ ಮುಂಚಿನ ಸಾಧನೆ ಎನ್ನುವುದನ್ನೂ ಗಮನಿಸಬೇಕು.

ವಿಮರ್ಶೆಗೆ ಒಡ್ಡಬೇಕಾದ್ದು ಕೈಗಾರಿಕಾ ಸಚಿವ ಎಂ.ಬಿ. ಪಾಟೀಲರು ಆಗ ಕೊಟ್ಟ ಸಮರ್ಥನೆಯನ್ನು. ಅದರಲ್ಲಿ ಮೂರು ಎಳೆಗಳಿದ್ದವು. ಕರ್ನಾಟಕದೊಳಗೆ ಮೈಸೂರು ಸ್ಯಾಂಡಲ್ ಹೆಸರು ಗಟ್ಟಿಯಾಗಿದೆ, ಆದ್ದರಿಂದ ರಾಜ್ಯದ ಹೊರಗಿನ ಮಾರುಕಟ್ಟೆಗೆ ನುಗ್ಗಬೇಕು. ಅದಕ್ಕೆ ದೇಶದುದ್ದಗಲ ಪರಿಚಿತರಾದ, ಸಾಮಾಜಿಕ ಜಾಲತಾಣಗಳಲ್ಲಿ 2.8 ಕೋಟಿ ಹಿಂಬಾಲಕರಿರುವ ನಟಿ ಬೇಕು. 2028ರ ವೇಳೆಗೆ ವಾರ್ಷಿಕ 5,000 ಕೋಟಿ ವಹಿವಾಟು ಮುಟ್ಟಬೇಕು. ಮೊದಲು ಮೂರನೆಯದನ್ನೇ ನೋಡೋಣ. 1,780 ಕೋಟಿಯಿಂದ ಮೂರು ವರ್ಷದಲ್ಲಿ 5,000 ಕೋಟಿಗೆ ಹೋಗಬೇಕಾದರೆ ವರ್ಷಕ್ಕೆ ಶೇ 40ರಷ್ಟು ಬೆಳೆಯಬೇಕು. ದಾಖಲೆಯೆಂದು ಸಂಭ್ರಮಿಸಿದ ವರ್ಷದ ಬೆಳವಣಿಗೆ ಶೇ 14ರ ಹತ್ತಿರ. ನಡುವಿನ ಅಂತರವನ್ನು ತುಂಬುವವರು ಯಾರು? ಹಿಂಬಾಲಕರು ಫೋನಿನಲ್ಲಿ ಸೋಪಿನ ಚಿತ್ರ ನೋಡಿ ಮೆಚ್ಚಬಹುದು. ಬೀದಿಯ ಕಿರಾಣಿ ಅಂಗಡಿಯ ಕಪಾಟಿನಲ್ಲಿ ಸೋಪು ಇಲ್ಲದಿದ್ದರೆ ಆ ಮೆಚ್ಚುಗೆ ಬಿಲ್ ಆಗುವುದಿಲ್ಲ.

ಇನ್ನು ಮೊದಲ ಎಳೆ. ಕರ್ನಾಟಕದ ಹೊರಗು ಎಂಬ ಈ ಮಾರುಕಟ್ಟೆ ಶುರುವಾಗುವುದು ಎಲ್ಲಿ? ಬಳ್ಳಾರಿಯಿಂದ ಆಚೆ ಹೊರಟವರಿಗೆ ಅದು ಡಿ. ಹಿರೇಹಾಳ್, ರಾಯದುರ್ಗದಲ್ಲೇ ಶುರು. ಶಿರಾದ ಕಡೆಯಿಂದ ಹೋದವರಿಗೆ ಅಗಳಿ, ರೊಳ್ಳ, ಮಡಕಶಿರಾದಲ್ಲಿ ಶುರು. ರಾಯದುರ್ಗ ಅನಂತಪುರ ಜಿಲ್ಲೆಯದು. ಮಡಕಶಿರಾ 2022ರ ಏಪ್ರಿಲ್‌ವರೆಗೆ ಅದೇ ಜಿಲ್ಲೆಯಲ್ಲಿದ್ದು ಈಗ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಬೋರ್ಡು ತೆಲುಗಿನಲ್ಲಿ, ಮನೆಮಾತು ಬಹಳ ಕಡೆ ಕನ್ನಡ. ಇಲ್ಲಿನ ಗಿರಾಕಿಗೆ ಮೈಸೂರು ಸ್ಯಾಂಡಲ್ ಅನ್ನು ಯಾರೂ ಪರಿಚಯ ಮಾಡಿಕೊಡಬೇಕಾಗಿಲ್ಲ. ಅವಿಭಜಿತ ಆಂಧ್ರ ಈ ಸೋಪಿನ ಹಳೆಯ, ದೊಡ್ಡ ಮಾರುಕಟ್ಟೆಗಳಲ್ಲಿ ಒಂದು. 2024ರ ಜನವರಿಯಲ್ಲಿ ಹೈದರಾಬಾದಿನ ಮಲಕಪೇಟೆಯಲ್ಲಿ ನಕಲಿ ಮೈಸೂರು ಸ್ಯಾಂಡಲ್ ತಯಾರಿಸುವ ಘಟಕ ಸಿಕ್ಕಿಬಿತ್ತು. ಹೆಸರೇ ಇಲ್ಲದ ಸರಕನ್ನು ಯಾರೂ ನಕಲು ಮಾಡುವುದಿಲ್ಲ. ಆ ಜಾಲವನ್ನು ಹಿಡಿದದ್ದು ಸಗಟು ಖರೀದಿದಾರರ ಸೋಗಿನಲ್ಲಿ ಮಾರುಕಟ್ಟೆಗಿಳಿದ ಸಂಸ್ಥೆಯ ಸಿಬ್ಬಂದಿ. ಈ ಪ್ರಸಂಗಕ್ಕೆ ಸಿಗಬೇಕಾದಷ್ಟು ಗಮನ ಸಿಗಲಿಲ್ಲ. ನೆಲದ ಮೇಲೆ ಕೆಲಸ ಮಾಡುವ ಮಾರಾಟಗಾರನ ಕಣ್ಣಿಗೆ ಇರುವ ಬೆಲೆ ಏನೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಈ ಸಂಸ್ಥೆಗೆ ಬೇರೆ ಬೇಕಿಲ್ಲ.

ಹಾಗಾದರೆ ಮಾರಾಟ ಏರುವುದು ಹೇಗೆ? ಈ ಉದ್ಯಮದಲ್ಲಿ ಅದಕ್ಕೊಂದು ಹಳೆಯ ವಿಧಾನವಿದೆ. ಜಾಹೀರಾತಿನವರು ಅದರ ಹೆಸರೆತ್ತುವುದಿಲ್ಲ. ಕಂಪನಿಯ ಸೇಲ್ಸ್ ಆಫೀಸರ್ ಆದವನು, ಮಾಲನ್ನು ಅಂಗಡಿಗಳಿಗೆ ಹಂಚುವ ಸ್ಟಾಕಿಸ್ಟ್‌ನ ಸೇಲ್ಸ್‌ಮನ್ ಜೊತೆ ಇಡೀ ದಿನ ಲೈನಿಗೆ, ಅಂದರೆ ಅಂಗಡಿಯಿಂದ ಅಂಗಡಿಗೆ ಸುತ್ತುವ ದಾರಿಗೆ, ಹೋಗುವುದೇ ಅದು. ಕೇಳಲು ಸರಳ, ಮಾಡಲು ಬಹಳ ಕಷ್ಟ. ಒಂದು ಅಂಗಡಿಯ ಭೇಟಿಯನ್ನೇ ತೆಗೆದುಕೊಂಡರೆ ಕಷ್ಟ ಎಲ್ಲಿದೆ ಎಂಬುದು ತಿಳಿಯುತ್ತದೆ. ಪಳಗದ ಸೇಲ್ಸ್‌ಮನ್ ಬಾಗಿಲಲ್ಲಿ ನಿಂತು, ಏನಾದರೂ ಬೇಕಾ ಎಂದು ಕೇಳುತ್ತಾನೆ. ಬೇಡ ಎನ್ನುವ ಉತ್ತರ ಆ ಪ್ರಶ್ನೆಯಲ್ಲೇ ಇರುತ್ತದೆ. ಪಳಗಿದವನು ಮೊದಲು ಕಪಾಟು ನೋಡುತ್ತಾನೆ. ಹಿಂದಿನ ವಾರ ಕೊಟ್ಟ ಮಾಲಿನಲ್ಲಿ ಎಷ್ಟು ಉಳಿದಿದೆ, ಯಾವ ಅಳತೆಯದು ಖಾಲಿಯಾಗಿದೆ, ಸೋಪು ಹೋದ ಅಂಗಡಿಯಲ್ಲಿ ಟಾಲ್ಕಂ ಪೌಡರ್ ಯಾಕೆ ಹೋಗುತ್ತಿಲ್ಲ ಎಂದು ಲೆಕ್ಕ ಹಾಕಿ, ಅಂಗಡಿಯವನಿಗೆ ಬೇಕಾದ ಪ್ರಮಾಣವನ್ನು ತಾನೇ ಹೇಳುತ್ತಾನೆ. ಸ್ಕೀಮಿನ ಮಾತು ಕೊನೆಗೆ ಬರುತ್ತದೆ. ಬಾಕಿ ವಸೂಲಿಯನ್ನು ಮುಖ ಕೆಡದಂತೆ ಮುಗಿಸುತ್ತಾನೆ.

ಜೊತೆಗೆ ಬಂದ ಮೇಲಧಿಕಾರಿಯ ನಿಜವಾದ ಪರೀಕ್ಷೆ ಇಲ್ಲೇ. ಹುಡುಗ ತಡವರಿಸಿದ ಕೂಡಲೇ ತಾನೇ ಮುಂದೆ ಬಿದ್ದು ಆರ್ಡರ್ ತೆಗೆದುಕೊಂಡರೆ ಅವತ್ತಿನ ಬಿಲ್ ಏರುತ್ತದೆ, ಹುಡುಗ ಕಲಿಯುವುದಿಲ್ಲ. ಒಂದು ಅಂಗಡಿಯಲ್ಲಿ ತಾನು ಮಾಡಿ ತೋರಿಸಬೇಕು, ಮುಂದಿನದರಲ್ಲಿ ಬಾಯಿ ಮುಚ್ಚಿಕೊಂಡು ನಿಂತು ನೋಡಬೇಕು, ಹೊರಗೆ ಬಂದ ಮೇಲೆ ಒಂದೇ ಒಂದು ತಪ್ಪನ್ನು ಹೇಳಬೇಕು. ಅದೂ ಅಂಗಡಿಯವನ ಎದುರಲ್ಲಿ ಅಲ್ಲ. ಮಡಕಶಿರಾದ ಕನ್ನಡ ಹಳ್ಳಿಗಳಲ್ಲಿ ಇದಕ್ಕೆ ಇನ್ನೊಂದು ಪದರವಿದೆ. ತೆಲುಗಿನಲ್ಲೇ ತರಬೇತಿ ಪಡೆದ ಹುಡುಗ ಕನ್ನಡದಲ್ಲಿ ಚೌಕಾಸಿ ಮಾಡಬೇಕಾಗುತ್ತದೆ. ವಿಜಯವಾಡದಲ್ಲೋ ಬೆಂಗಳೂರಿನಲ್ಲೋ ಕುಳಿತು ಬರೆದ ತರಬೇತಿ ಪುಸ್ತಕ ಇದನ್ನು ಕಾಣುವುದಿಲ್ಲ. ಜೊತೆಗೆ ನಡೆದವನಿಗೆ ಮಾತ್ರ ಕಾಣುತ್ತದೆ.

ಗಡಿ ಊರುಗಳಲ್ಲಿ ಆಡಳಿತದ ಇನ್ನೊಂದು ತೊಡಕೂ ಇದೆ. ರಾಯದುರ್ಗದ ಅಂಗಡಿಯವನಿಗೆ ಬಳ್ಳಾರಿಯ ಹೋಲ್‌ಸೇಲ್ ಪೇಟೆ ಹತ್ತಿರ, ಮಡಕಶಿರಾದವನಿಗೆ ಹಿಂದೂಪುರದಂತೆ ಶಿರಾವೂ ಹತ್ತಿರ. ಬಳ್ಳಾರಿಯಲ್ಲಿ ಕೇಸಿಗೆ ನಾಲ್ಕು ರೂಪಾಯಿ ಕಡಿಮೆ ಸಿಕ್ಕರೂ ಅವನು ಅಲ್ಲಿಂದಲೇ ತರುತ್ತಾನೆ. ಆಗ ಆಂಧ್ರದ ಸ್ಟಾಕಿಸ್ಟ್ ಪರವಾಗಿ ಬಿಸಿಲಲ್ಲಿ ಲೈನು ಸುತ್ತಿದವನ ಟಾರ್ಗೆಟ್ ಬೀಳುತ್ತದೆ, ಬಳ್ಳಾರಿಯವನದು ತಾನಾಗಿ ಏರುತ್ತದೆ. ಹೀಗಾದಾಗ ಹುಡುಗನನ್ನು ತಿಂಗಳ ಸಭೆಯಲ್ಲಿ ನಿಲ್ಲಿಸಿ ಬೈಯುವುದು ಅನ್ಯಾಯ. ತಪ್ಪು ಇರುವುದು ಪ್ರದೇಶ ಹಂಚಿದ ರೀತಿಯಲ್ಲಿ. ತಿಂಗಳ ಕೊನೆಯ ವಾರ ಸ್ಟಾಕಿಸ್ಟ್‌ನ ಗೋದಾಮಿಗೆ ಮಾಲು ತಳ್ಳಿ ಟಾರ್ಗೆಟ್ ಮುಟ್ಟಿಸುವ ಅಭ್ಯಾಸವೂ ಇಂಥದೇ. ಕಂಪನಿಯಿಂದ ಸ್ಟಾಕಿಸ್ಟ್‌ಗೆ ಹೋದದ್ದು ಪ್ರೈಮರಿ, ಸ್ಟಾಕಿಸ್ಟ್‌ನಿಂದ ಅಂಗಡಿಗೆ ಹೋದದ್ದು ಸೆಕೆಂಡರಿ. ವಹಿವಾಟಿನ ದಾಖಲೆಗಳು ಪ್ರೈಮರಿಯನ್ನು ಎಣಿಸುತ್ತವೆ. ಅಂಗಡಿಯ ಆರೋಗ್ಯ ತಿಳಿಯುವುದು ಸೆಕೆಂಡರಿಯಿಂದ. ಸುದ್ದಿಗೋಷ್ಠಿಗಳಲ್ಲಿ ಕೇಳಿಬಂದದ್ದು ವಹಿವಾಟು, ಲಾಭ, ಸರ್ಕಾರಕ್ಕೆ ಕೊಟ್ಟ ಲಾಭಾಂಶ. ಎಷ್ಟು ಅಂಗಡಿಗಳು ಪ್ರತಿ ತಿಂಗಳೂ ಬಿಲ್ ಮಾಡಿಸುತ್ತಿವೆ ಎಂಬ ಲೆಕ್ಕಕ್ಕೆ ಅಂಥ ವೇದಿಕೆ ಸಿಕ್ಕಿಲ್ಲ.

ಇಲ್ಲಿ ಹಿಂದೂಸ್ತಾನ್ ಲೀವರ್ ಹೆಸರು ಬರಲೇಬೇಕು. 2000ದ ಸುಮಾರಿಗೆ, ಅನಂತಪುರದಂತೆ ಆಗ ಆಂಧ್ರಕ್ಕೇ ಸೇರಿದ್ದ ನಲ್ಗೊಂಡ ಜಿಲ್ಲೆಯಲ್ಲಿ, ಅದು ಸ್ವಸಹಾಯ ಸಂಘಗಳ ಹೆಣ್ಣುಮಕ್ಕಳ ಮೂಲಕ ಹಳ್ಳಿಗಳಲ್ಲಿ ಸೋಪು, ಶ್ಯಾಂಪೂ ಮಾರುವ ‘ಶಕ್ತಿ’ ಯೋಜನೆ ಆರಂಭಿಸಿತು. ಮ್ಯಾನೇಜ್‌ಮೆಂಟ್ ಶಾಲೆಗಳು ಅದನ್ನು ಸಬಲೀಕರಣದ ಮಹಾಕಥೆಯಾಗಿ ಪಾಠ ಮಾಡಿದವು. ಆ ಹೊಗಳಿಕೆ ಅತಿಯಾಯಿತು. ಆರಂಭದ ವರ್ಷಗಳಲ್ಲಿ ಒಬ್ಬಾಕೆಗೆ ತಿಂಗಳಿಗೆ ಉಳಿಯುತ್ತಿದ್ದದ್ದು ಸಾವಿರ ರೂಪಾಯಿಯ ಒಳಗೆ. ಅದರಲ್ಲಿ ಕಲಿಯಬೇಕಾದ್ದು ಬೇರೆ. ಮಾರಾಟ ಗೊತ್ತಿರದ ಹೆಣ್ಣುಮಗಳ ಜೊತೆ ಕಂಪನಿಯ ತರಬೇತುದಾರ ಮನೆಮನೆಗೆ ನಡೆದ. ಅಷ್ಟು ದೊಡ್ಡ ಜಾಹೀರಾತು ಖಜಾನೆಯ ಕಂಪನಿಯೂ ಕೊನೆಯ ಹಳ್ಳಿಗೆ ಸೋಪು ಮುಟ್ಟಿಸಲು ಕಾಲ್ನಡಿಗೆಯ ಕಲಿಕೆಗೆ ಹಣ ಹಾಕಿತು.

ತಾರಾ ಪ್ರಚಾರದ ಪರ ವಾದಿಸುವವರು ಕಾರ್ಖಾನೆಯ ಹಳೆಯ ಪ್ರಚಾರ ವೈಭವವನ್ನು ಮುಂದಿಡಬಹುದು: ಟ್ರಾಮ್ ಟಿಕೆಟ್ಟು, ಬೆಂಕಿಪೊಟ್ಟಣಗಳ ಮೇಲೆ ಸೋಪಿನ ಚಿತ್ರ, ಕರಾಚಿಯಲ್ಲಿ ಒಂಟೆಗಳ ಮೆರವಣಿಗೆ. ನಿಜ, ಹೊಸ ಸರಕಿಗೆ ಹೆಸರು ಬೇಕಿತ್ತು, ಪ್ರಚಾರ ಆ ಹೆಸರು ತಂದಿತು. ನೂರು ವರ್ಷ ದಾಟಿದ ಸೋಪಿಗೆ ಅದೇ ಮದ್ದನ್ನು ಕುಡಿಸುವುದು ರೋಗ ತಿಳಿಯದವರ ಕೆಲಸ. ಕನ್ನಡದ ನಟಿಯೇ ಬೇಕೆಂದು ಹೋರಾಡಿದವರಿಗೂ ಒಂದು ಮಾತು ಸಲ್ಲಬೇಕು. ಭಾಷಾಭಿಮಾನವನ್ನು ಪೋಸ್ಟರಿನ ಮುಖಕ್ಕೆ ಸೀಮಿತಗೊಳಿಸಿ, ಗಡಿಯಾಚೆಯ ಕನ್ನಡ ಅಂಗಡಿಗೆ ಕನ್ನಡ ಬಲ್ಲ ಸೇಲ್ಸ್‌ಮನ್ ಹೋಗುತ್ತಾನೆಯೇ ಎಂದು ಅವರು ಒಮ್ಮೆಯೂ ಕೇಳಲಿಲ್ಲ.

ಎರಡು ವರ್ಷದ ಒಪ್ಪಂದ ಮುಗಿದು ಮುಂದುವರಿಸುವ ಪ್ರಶ್ನೆ ಬಂದಾಗ ಆಡಳಿತ ಮಂಡಳಿಯ ಮುಂದೆ ಹಿಂಬಾಲಕರ ಸಂಖ್ಯೆಯ ಬದಲು ಬೇರೆ ಕಾಗದಗಳಿರಬೇಕು: ಅಗಳಿ, ಕಣೇಕಲ್, ಗುಮ್ಮಘಟ್ಟದಂಥ ಊರುಗಳಲ್ಲಿ ಹೊಸದಾಗಿ ಬಿಲ್ ಮಾಡಿಸಿದ ಅಂಗಡಿಗಳೆಷ್ಟು, ಮೂರು ತಿಂಗಳ ಮೇಲೂ ಉಳಿದವೆಷ್ಟು, ಸೇಲ್ಸ್ ಆಫೀಸರ್‌ಗಳು ಲೈನಿನಲ್ಲಿ ಕಳೆದ ದಿನಗಳೆಷ್ಟು, ಕೆಲಸ ಬಿಟ್ಟು ಹೋದ ಸೇಲ್ಸ್‌ಮನ್‌ಗಳೆಷ್ಟು. ಆ 6.20 ಕೋಟಿಯ ಒಂದು ಪಾಲನ್ನು ಈ ಲೆಕ್ಕ ಇಡುವುದಕ್ಕೂ ಲೈನಿನಲ್ಲಿ ಕಲಿಸುವವರನ್ನು ತಯಾರು ಮಾಡುವುದಕ್ಕೂ ಖರ್ಚು ಮಾಡಿದರೆ, 5,000 ಕೋಟಿಯ ಗುರಿಯ ಬಗ್ಗೆ ಗಂಭೀರವಾಗಿ ಮಾತಾಡಬಹುದು.