ಬೆಳೆಹಾನಿಗೆ ಲೆಕ್ಕವಿದೆ, ಕೂಲಿಹಾನಿಗೆ?

ಹವಾಮಾನ ಬದಲಾವಣೆಯ ಪೆಟ್ಟು ಹೆಂಗಸರಿಗೆ ಹೆಚ್ಚು ಬೀಳುತ್ತದೆಂದು 2008ರ ರಾಷ್ಟ್ರೀಯ ಕ್ರಿಯಾ ಯೋಜನೆಯೇ ಒಪ್ಪಿಕೊಂಡಿದೆ. ನೀರು, ಸೌದೆಯ ಅಭಾವದಿಂದ ಹಿಡಿದು ಆರೋಗ್ಯದವರೆಗೆ ಅದು ಕಾರಣಗಳನ್ನೂ ಹೇಳುತ್ತದೆ. ಆದರೆ ಅದರ ಎಂಟು ಮಿಷನ್‌ಗಳಲ್ಲಿ ಒಂದನ್ನೂ ಹೆಂಗಸರಿಗೆಂದು ಮೀಸಲಿಡಲಿಲ್ಲ. ಪೀಠಿಕೆಯಲ್ಲಿ ಕಾಣುವ ಹೆಣ್ಣು, ಹಣ ಹಂಚುವ ಹೊತ್ತಿಗೆ ಕಾಣೆಯಾಗುತ್ತಾಳೆ. ಕರ್ನಾಟಕದ 2023ರ ಬರ ನಿರ್ವಹಣೆಯಲ್ಲೂ ಆದದ್ದು ಅದೇ.

ಆ ವರ್ಷ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಬೆಳೆ ಪರಿಹಾರ ಹೆಕ್ಟೇರ್ ಲೆಕ್ಕದಲ್ಲಿ, ರೈತರ ನೋಂದಣಿಯ ‘ಫ್ರೂಟ್ಸ್’ ದತ್ತಾಂಶದ ಆಧಾರದ ಮೇಲೆ, ನೇರ ರೈತರ ಖಾತೆಗೆ ಹೋಯಿತು. ಮಧ್ಯವರ್ತಿಗಳಿಗೆ ಜಾಗವಿಲ್ಲದ ಈ ವ್ಯವಸ್ಥೆಯನ್ನು ನಾನು ಮೆಚ್ಚುತ್ತೇನೆ. ಆದರೆ ಪಹಣಿಯಲ್ಲಿ ಹೆಸರಿಲ್ಲದವರು ಅದರ ಕಣ್ಣಿಗೆ ಬೀಳುವುದಿಲ್ಲ. 2015–16ರ ಕೃಷಿ ಗಣತಿಯ ಪ್ರಕಾರ ದೇಶದ ಹಿಡುವಳಿಗಳಲ್ಲಿ ಹೆಂಗಸರ ಪಾಲು ನೂರಕ್ಕೆ ಸುಮಾರು 14. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಡುವ ಕಾನೂನನ್ನು ನಮ್ಮ ರಾಜ್ಯ ದೇಶಕ್ಕಿಂತ ಮೊದಲೇ, 1994ರಲ್ಲೇ ತಂದಿತು. ಆದರೂ ತವರಿನ ಬಾಗಿಲು ಮುಚ್ಚೀತೆಂದು ಹೆದರಿ ಹಕ್ಕು ಬಿಟ್ಟು ಸಹಿ ಹಾಕುವವರು ಇಂದಿಗೂ ಇದ್ದಾರೆ.

ಪಹಣಿಯೊಂದನ್ನು ಸರಿಪಡಿಸಿದರೂ ಸಾಲದು. ಬಯಲುಸೀಮೆಯ ಹೊಲಗಳಲ್ಲಿ ಕಳೆ ತೆಗೆಯುವುದು, ಹತ್ತಿ ಬಿಡಿಸುವುದು, ಮೆಣಸಿನಕಾಯಿ ಕೀಳುವುದು ಬಹುಮಟ್ಟಿಗೆ ಹೆಣ್ಣಾಳುಗಳ ಕೆಲಸ. ಮಳೆ ಹೋದರೆ ಪೈರಿನ ಜೊತೆಗೆ ಈ ಕೂಲಿಯೂ ಹೋಗುತ್ತದೆ. ಬೆಳೆಹಾನಿಗೆ ಜಂಟಿ ಸಮೀಕ್ಷೆಯಿದೆ. ಕೂಲಿಹಾನಿಯನ್ನು ಅಳೆಯಲು ಯಾರೂ ಬರುವುದಿಲ್ಲ. ಉದ್ಯೋಗ ಖಾತ್ರಿ ಇತ್ತಲ್ಲ ಎನ್ನಬಹುದು. ಇತ್ತು, ಬರದಲ್ಲಿ ಅದು ಎಷ್ಟೋ ಮನೆಗಳ ಒಲೆ ಉರಿಸಿದೆ. ಆದರೆ ಹೊಲದೊಡೆಯನಿಗೆ ಸಿಕ್ಕಿದ್ದು ನಷ್ಟದ ಪರಿಹಾರ. ಕೂಲಿ ಕಳೆದುಕೊಂಡವಳು ಮತ್ತೆ ಬಿಸಿಲಲ್ಲಿ ಮಣ್ಣು ಹೊತ್ತು ದುಡಿಯಬೇಕಿತ್ತು. ಇನ್ನು ರಾಗಿಯ ನಡುವೆ ಅವರೆ, ತೊಗರಿ, ಹುಚ್ಚೆಳ್ಳು ಬಿತ್ತುವ ಅಕ್ಕಡಿ ಸಾಲು: ಒಂದು ಬೆಳೆ ಹೋದರೂ ಇನ್ನೊಂದು ಉಳಿಯಲೆಂಬ ಆ ಜಾಣ್ಮೆ, ಅದಕ್ಕೆ ಬೀಜ ಕಾಯ್ದಿಡುವ ಹೆಂಗಸರ ಶ್ರಮ, ಹೆಕ್ಟೇರ್ ಲೆಕ್ಕದಲ್ಲಿ ಕರಗಿಹೋಗುತ್ತದೆ.

ಹೆಂಗಸರಿಗೆ ಹಣ ತಲುಪಿಸುವ ದಾರಿ ಸರ್ಕಾರಕ್ಕೆ ಗೊತ್ತಿಲ್ಲವೆಂದಲ್ಲ. ಅದೇ 2023ರ ಆಗಸ್ಟ್‌ನಲ್ಲಿ ಶುರುವಾದ ಗೃಹಲಕ್ಷ್ಮಿ ತಿಂಗಳಿಗೆ 2,000 ರೂಪಾಯಿಯನ್ನು ಅವರ ಖಾತೆಗೇ ಹಾಕಿತು. ಅದರ ಉಪಕಾರ ದೊಡ್ಡದು. ಆದರೆ ಆ ಹಣ ಬಂದದ್ದು ಮನೆಯ ಯಜಮಾನಿಯೆಂದು, ದುಡಿಮೆ ಕಳೆದುಕೊಂಡ ಕೃಷಿಕಳೆಂದಲ್ಲ. ಗುಜರಾತಿನಲ್ಲಿ ಹುಟ್ಟಿದ ‘ಸೇವಾ’ ಎಂಬ ದುಡಿಯುವ ಹೆಂಗಸರ ಸಂಘ ಬೇರೆ ದಾರಿ ಹಿಡಿದಿದೆ. 2024ರಲ್ಲಿ ಅದರ ಶಾಖ ವಿಮೆಯಡಿ ಬಿಸಿಲು ಮಿತಿ ಮೀರಿದಾಗ ಸದಸ್ಯೆಯರಿಗೆ 400 ರೂಪಾಯಿ ಸಿಕ್ಕಿತು. ಮೊತ್ತ ಸಣ್ಣದು, ಬಿಸಿಲಿನ ತಾಪಕ್ಕೆ ಸಾಲದ್ದು. ಆದರೆ ಅಲ್ಲಿ ಯಾರೂ ಜಮೀನಿನ ದಾಖಲೆ ಕೇಳಲಿಲ್ಲ, ನಿಂತುಹೋದ ದುಡಿಮೆಯನ್ನೇ ನಷ್ಟವೆಂದು ಎಣಿಸಿದರು. ಕೇಂದ್ರಕ್ಕೆ ಸಲ್ಲಿಸುವ ನಮ್ಮ ಮುಂದಿನ ಬರ ಮನವಿಯಲ್ಲೂ ಬೆಳೆಹಾನಿಯ ಪಕ್ಕದಲ್ಲಿ, ಹೋಬಳಿವಾರು, ಕಳೆದುಹೋದ ಕಳೆಕೂಲಿಯ ದಿನಗಳ ಲೆಕ್ಕ ಸೇರಲಿ.